ವೈರ್ ಇರುವ ಸಿಸಿ ಕ್ಯಾಮರಾವೋ, ವೈಫೈ ಕ್ಯಾಮರಾವೋ? ಕೊಳ್ಳುವ ಮೊದಲು



ಮಕ್ಕಳು ಬೆಂಗಳೂರು, ಪುಣೆ, ದುಬೈ ಎಂದು ದೂರದಲ್ಲಿದ್ದು, ಊರ ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಕುಟುಂಬಗಳು ನಮ್ಮಲ್ಲಿ ಬಹಳ. ಕಾಸರಗೋಡಿನಲ್ಲೂ ಹೀಗೆ, ಅಕ್ಕಲಕೋಟೆಯಲ್ಲೂ ಹೀಗೆ, ಆದೋನಿಯಲ್ಲೂ ಹೀಗೆ. ಹಾಗಾಗಿ ಸದಸ್ಯರು ನಮ್ಮಲ್ಲಿ ವಿಚಾರಿಸುವ ವಿಷಯಗಳಲ್ಲಿ ಈಚೆಗೆ ಒಂದು ಮತ್ತೆ ಮತ್ತೆ ಬರುತ್ತಿದೆ: ಮನೆಗೆ ಸಿಸಿ ಕ್ಯಾಮರಾ ಹಾಕಿಸಬೇಕು, ವೈರ್ ಇರುವುದು ಒಳ್ಳೆಯದೋ, ವೈಫೈಯದು ಒಳ್ಳೆಯದೋ?

ನಾವು ಈ ಪಾಠ ಕಲಿತದ್ದು ಕಳೆದುಕೊಂಡ ಮೇಲೆಯೇ. ಸಂಘದ ವಾಚನಾಲಯಕ್ಕೆ ಕೆಲವು ವರ್ಷಗಳ ಹಿಂದೆ ಮೂರು ವೈಫೈ ಕ್ಯಾಮರಾ ಹಾಕಿಸಿದ್ದೆವು. ಗೋಡೆ ಕೊರೆಯುವುದಿಲ್ಲ, ಒಂದು ಗಂಟೆಯ ಕೆಲಸ, ಎಲ್ಲವೂ ಮೊಬೈಲಿನಲ್ಲೇ ಕಾಣುತ್ತದೆ ಎಂದರು. ಕಂಡಿತು ಕೂಡ. ಆ ಮಳೆಗಾಲದ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಬೆಳಿಗ್ಗೆ ಬಂದು ನೋಡಿದರೆ ಹಿಂಬಾಗಿಲ ಚಿಲಕ ಮುರಿದಿದೆ, ಕಾಣಿಕೆ ಡಬ್ಬಿ ಇಲ್ಲ, ಮೈಕಿನ ಆಂಪ್ಲಿಫೈಯರ್ ಇಲ್ಲ. ಮೊಬೈಲ್ ತೆರೆದೆವು. ರಾತ್ರಿ 11.40ರವರೆಗೆ ಖಾಲಿ ಕುರ್ಚಿಗಳು ಕಾಣುತ್ತವೆ. ಆಮೇಲೆ ಕಾಣುವುದು ಬೆಳಿಗ್ಗೆ ಕರೆಂಟು ಬಂದ ನಂತರದ ಖಾಲಿ ಕುರ್ಚಿಗಳು. ನಡುವೆ ಏನೂ ಇಲ್ಲ. ಠಾಣೆಯಲ್ಲಿ ‘ಕ್ಯಾಮರಾ ಇದೆಯಲ್ಲ?’ ಎಂದು ಕೇಳಿದಾಗ ನಮ್ಮ ಕಾರ್ಯದರ್ಶಿಯವರಿಗೆ ಏನು ಹೇಳುವುದೆಂದೇ ತಿಳಿಯಲಿಲ್ಲ.

ಕ್ಯಾಮರಾ ಕೆಟ್ಟಿರಲಿಲ್ಲ. ‘ವೈರ್ ಇಲ್ಲದ್ದು’ ಎಂಬ ಮಾತನ್ನು ನಾವು ಪೂರ್ತಿ ಅರ್ಥ ಮಾಡಿಕೊಂಡಿರಲಿಲ್ಲ, ಅಷ್ಟೆ. ಕ್ಯಾಮರಾಕ್ಕೆ ಎರಡು ಸಂಪರ್ಕ ಬೇಕು: ಕರೆಂಟು ಬರುವುದೊಂದು, ಚಿತ್ರ ಹೋಗುವುದೊಂದು. ಅಂಗಡಿಯಲ್ಲಿ ವೈಫೈ ಕ್ಯಾಮರಾ ಎಂದು ಕೊಡುವ ಹೆಚ್ಚಿನವುಗಳಲ್ಲಿ ವೈರ್ ಇಲ್ಲದಿರುವುದು ಚಿತ್ರ ಹೋಗುವ ದಾರಿಗೆ ಮಾತ್ರ. ಕರೆಂಟಿನ ವೈರ್ ಹಾಗೆಯೇ ಇರುತ್ತದೆ, ಒಂದು ಅಡಾಪ್ಟರ್ ಮೂಲಕ ಗೋಡೆಯ ಪ್ಲಗ್ಗಿಗೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದು ಸಮಾಧಾನಪಡಬೇಡಿ. ಸಾಮಾನ್ಯವಾಗಿ ಇನ್ವರ್ಟರ್ ಲೈನಿಗೆ ಸೇರಿಸುವುದು ದೀಪ, ಫ್ಯಾನುಗಳನ್ನು. ಪ್ಲಗ್ ಪಾಯಿಂಟುಗಳನ್ನು ಹೆಚ್ಚಿನ ಮನೆಗಳಲ್ಲಿ ಬಿಟ್ಟಿರುತ್ತಾರೆ. ಮೂರು ಕ್ಯಾಮರಾ ಮೂರು ಕಡೆ ಮೂರು ಪ್ಲಗ್ಗುಗಳಲ್ಲಿ, ರೌಟರ್ ನಾಲ್ಕನೆಯ ಕಡೆ. ಕರೆಂಟು ಹೋದ ತಕ್ಷಣ ನಾಲ್ಕೂ ಕಣ್ಣು ಮುಚ್ಚುತ್ತವೆ. ಇಂದು ಸಂಜೆಯೇ ಮೈನ್ ಸ್ವಿಚ್ ಆಫ್ ಮಾಡಿ, ನಿಮ್ಮ ಕ್ಯಾಮರಾ ಎಷ್ಟು ಹೊತ್ತು ಬದುಕಿರುತ್ತದೆ ನೋಡಿ.

ವೈರ್ ಇರುವ ವ್ಯವಸ್ಥೆ ಎಂದರೆ ಏನು? ನಮ್ಮ ಊರುಗಳಲ್ಲಿ ಹೆಚ್ಚಾಗಿ ಹಾಕುವುದು ಹಳೆಯ ಬಗೆಯದು. ಪ್ರತಿ ಕ್ಯಾಮರಾದಿಂದ ಒಂದು ‘ಥ್ರೀ ಪ್ಲಸ್ ಒನ್’ ಕೇಬಲ್ ಡಿವಿಆರ್ ಎಂಬ ಪೆಟ್ಟಿಗೆಯವರೆಗೆ ಬರುತ್ತದೆ. ಅದರೊಳಗಿನ ದಪ್ಪ ಕೇಬಲ್ ಚಿತ್ರಕ್ಕೆ, ಸಣ್ಣ ತಂತಿಗಳು 12 ವೋಲ್ಟ್ ಕರೆಂಟಿಗೆ. ಡಿವಿಆರ್‌ನ ಹಾರ್ಡ್ ಡಿಸ್ಕಿನಲ್ಲಿ ರೆಕಾರ್ಡಿಂಗ್ ಕೂರುತ್ತದೆ. ಹೊಸ ಬಗೆಯದರಲ್ಲಿ ಕಂಪ್ಯೂಟರಿಗೆ ಹಾಕುವಂಥ ಲ್ಯಾನ್ ಕೇಬಲ್ ಒಂದೇ ಸಾಕು. ಚಿತ್ರವೂ ಕರೆಂಟೂ ಅದರಲ್ಲೇ ಹೋಗುತ್ತವೆ. ಇದನ್ನು ಪಿಒಇ ಎನ್ನುತ್ತಾರೆ, ಪೆಟ್ಟಿಗೆಯನ್ನು ಎನ್‌ವಿಆರ್ ಎನ್ನುತ್ತಾರೆ. ಎರಡರಲ್ಲೂ ಕರೆಂಟು ಒಂದೇ ಜಾಗದಿಂದ ಎಲ್ಲ ಕ್ಯಾಮರಾಗಳಿಗೆ ಹೋಗುವುದರಿಂದ ಆ ಒಂದು ಜಾಗವನ್ನು ಇನ್ವರ್ಟರ್ ಲೈನಿಗೆ ಕೊಟ್ಟರೆ ಮುಗಿಯಿತು. ನಾಲ್ಕು ಕ್ಯಾಮರಾ, ಪೆಟ್ಟಿಗೆ ಎಲ್ಲ ಸೇರಿ 40 ವ್ಯಾಟಿನ ಆಸುಪಾಸು, ಅಂದರೆ ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ದಿನವಿಡೀ ಓಡಿದರೆ ಸುಮಾರು 1 ಯೂನಿಟ್.

ಇನ್ನೊಂದು ವ್ಯತ್ಯಾಸ ಇಂಟರ್‌ನೆಟ್ಟಿನದು. ನೆಟ್ ಹೋದರೂ ಡಿವಿಆರ್ ತನ್ನ ಪಾಡಿಗೆ ರೆಕಾರ್ಡ್ ಮಾಡುತ್ತಲೇ ಇರುತ್ತದೆ. ದುಬೈಯಲ್ಲಿರುವ ಮಗನಿಗೆ ಆ ಹೊತ್ತಿಗೆ ಕಾಣುವುದಿಲ್ಲ, ಅಷ್ಟೆ. ವೈಫೈ ಕ್ಯಾಮರಾದ ಒಳಗೆ ಮೆಮೊರಿ ಕಾರ್ಡ್ ಇದ್ದು ಕರೆಂಟೂ ಇದ್ದರೆ ಅದೂ ಹಾಗೆಯೇ. ಕಾರ್ಡ್ ಹಾಕದೆ ತಿಂಗಳ ಚಂದಾ ಕಟ್ಟಿ ಕಂಪನಿಯ ಕ್ಲೌಡಿನಲ್ಲಿ ಮಾತ್ರ ಇಡಿಸಿದ್ದರೆ ನೆಟ್ ಇಲ್ಲದ ಹೊತ್ತಿನದು ಸಿಗದು. ಗಾಳಿಮಳೆಯಲ್ಲಿ ಕರೆಂಟು ಮತ್ತು ನೆಟ್ ಒಟ್ಟಿಗೇ ಹೋಗುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಕಾರ್ಡಿಗೂ ಒಂದು ದೌರ್ಬಲ್ಯವಿದೆ: ಕಳ್ಳ ಕ್ಯಾಮರಾವನ್ನೇ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೇಬಿಗೇ ಹೋಗುತ್ತದೆ. ಡಿವಿಆರ್‌ಗೂ ಇದೇ ಅಪಾಯ. ಟಿವಿಯ ಪಕ್ಕದಲ್ಲೇ ಮಿಣಮಿಣ ದೀಪ ಹೊತ್ತಿಸಿಕೊಂಡು ಕೂತಿರುವ ಡಿವಿಆರ್‌ಗಳನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಅದನ್ನು ಒಳಗಿನ ಕೋಣೆಯ ಬೀರುವಿನ ಮೇಲೋ, ಅಟ್ಟದಲ್ಲೋ, ಗಾಳಿಯಾಡುವ, ಕಣ್ಣಿಗೆ ಬೀಳದ ಕಡೆ ಇಡಿಸಿ.

ಎಷ್ಟು ದಿನದ ರೆಕಾರ್ಡಿಂಗ್ ಇರುತ್ತದೆಂಬುದನ್ನು ಅಂಗಡಿಯವರು ಬಾಯಿಮಾತಿಗೆ ‘ಒಂದು ತಿಂಗಳು’ ಎನ್ನುತ್ತಾರೆ. ನೀವೇ ಲೆಕ್ಕ ಹಾಕಬಹುದು. 2 ಮೆಗಾಪಿಕ್ಸೆಲ್ ಕ್ಯಾಮರಾ ಒಂದು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 21.6 ಜಿಬಿ ಆಗುತ್ತದೆ. ಇಂಥ ನಾಲ್ಕು ಕ್ಯಾಮರಾಗಳಿಗೆ ದಿನಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನದಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ವೈಫೈ ಕ್ಯಾಮರಾದ 128 ಜಿಬಿ ಕಾರ್ಡಿಗೆ ಆರು ದಿನ. ಹದಿನೈದು ದಿನ ಮಗಳ ಮನೆಗೆ ಹೋಗಿ ಬರುವವರು ಈ ಲೆಕ್ಕವನ್ನು ಮೊದಲೇ ನೋಡಿಕೊಳ್ಳಬೇಕು. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೆ ದಿನಗಳು ಹೆಚ್ಚುತ್ತವೆ, ಆದರೆ ರಾತ್ರಿ ಕ್ಯಾಮರಾದ ಮುಂದೆ ಜೇಡ ಬಲೆ ಕಟ್ಟಿದರೆ ಆ ಬಲೆಯ ಅಲುಗಾಟವೇ ಚಲನೆಯಾಗಿ ಬೆಳಗಿನವರೆಗೆ ಮೊಬೈಲ್ ಕೂಗುತ್ತಿರುತ್ತದೆ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದು ಒಳ್ಳೆಯದು.

ಇನ್ನು ಗೋಡೆಯ ವಿಷಯ. ವೈಫೈ ಕ್ಯಾಮರಾದ ಡಬ್ಬದ ಮೇಲೆ ಬರೆದಿರುವ ದೂರ ಬಯಲಿನದು. ಕಾಸರಗೋಡಿನ ಮುರಕಲ್ಲಿನ ಗೋಡೆ, ಸೊಲ್ಲಾಪುರ–ಅಕ್ಕಲಕೋಟೆ ಕಡೆಯ ಹಳೆಯ ವಾಡೆಗಳ ಎರಡಡಿ ದಪ್ಪದ ಕಲ್ಲಿನ ಗೋಡೆ, ಇವುಗಳನ್ನು ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೋತುಹೋಗುತ್ತದೆ. ಕೊಳ್ಳುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಕ್ಯಾಮರಾ ಬೇಕೆಂದಿರುವ ಜಾಗದಲ್ಲಿ ನಿಂತು, ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಯಲ್ಲಿ ವಿಡಿಯೋ ಕಾಲ್ ಮಾಡಿ. ಐದು ನಿಮಿಷ ತಡವರಿಸದೆ ಮಾತಾಡಲು ಆಗದಿದ್ದರೆ ಅಲ್ಲಿ ವೈಫೈ ಕ್ಯಾಮರಾ ನಿಲ್ಲುವುದಿಲ್ಲ.

ಇಷ್ಟು ಓದಿದವರು ವೈರೇ ಸರಿ ಎಂದುಕೊಂಡಿರಬಹುದು. ಆದರೆ ಸಿಡಿಲಿನ ಮಾತು ಬಂದಾಗ ಲೆಕ್ಕ ತಿರುಗುತ್ತದೆ. ಏಪ್ರಿಲ್–ಮೇಯ ಮಳೆಯಲ್ಲೂ ತುಲಾ ತಿಂಗಳ ಸಂಜೆಗಳಲ್ಲೂ ಸಿಡಿಲು ಹೇಗಿರುತ್ತದೆಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಮನೆಯಿಂದ ಅಡಿಕೆ ಒಣಗಿಸುವ ಅಂಗಳದಾಚೆಯ ಶೆಡ್ಡಿಗೆ ನೂರು ಮೀಟರ್ ತಾಮ್ರದ ಕೇಬಲ್ ಎಳೆದರೆ, ಹತ್ತಿರದಲ್ಲಿ ಎಲ್ಲೋ ಬಿದ್ದ ಸಿಡಿಲಿನ ಹೊಡೆತವನ್ನೂ ಅದು ಹೊತ್ತು ತರುತ್ತದೆ. ಶೆಡ್ಡಿನ ಕ್ಯಾಮರಾ ಮಾತ್ರವಲ್ಲ, ಮನೆಯೊಳಗಿನ ಡಿವಿಆರ್, ಅದಕ್ಕೆ ಜೋಡಿಸಿದ ಟಿವಿ, ರೌಟರ್ ಎಲ್ಲವೂ ಸುಡಬಹುದು. ಸರಿಯಾದ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಇದ್ದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಫೈಬರ್ ಕೇಬಲ್ ಎಳೆಸುವುದು ಉತ್ತಮ: ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಒಳಗೆ ಲೋಹದ ತಂತಿ ಇಲ್ಲದ ಫೈಬರನ್ನೇ ಕೇಳಿ ಪಡೆಯಿರಿ. ಇಲ್ಲವಾದರೆ ಶೆಡ್ಡಿಗೆ ವೈಫೈ ಕ್ಯಾಮರಾ ಇಟ್ಟು ಮನೆಯ ವ್ಯವಸ್ಥೆಯಿಂದ ಅದನ್ನು ಬೇರೆಯಾಗಿಯೇ ಬಿಡುವುದು.

ಕೇಬಲ್ಲಿನ ಉದ್ದಕ್ಕೂ ಮಿತಿಯಿದೆ. ಲ್ಯಾನ್ ಕೇಬಲ್ಲಿಗೆ 100 ಮೀಟರ್. ಹಳೆಯ ಬಗೆಯದರಲ್ಲಿ ಚಿತ್ರ ಇನ್ನೂ ದೂರ ಹೋಗುತ್ತದೆ, ಆದರೆ 12 ವೋಲ್ಟ್ ಕರೆಂಟು ಸಣ್ಣ ತಂತಿಯಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ಕುಗ್ಗುತ್ತದೆ. ಹಗಲು ಚೆನ್ನಾಗಿ ಕಾಣುವ ಕ್ಯಾಮರಾ ಕತ್ತಲಾದ ಕೂಡಲೇ ಮಿನುಗಿ ಆರುತ್ತದೆಂದು ದೂರುವವರು ಇದ್ದಾರೆ. ಕಾರಣ ಇದೇ: ರಾತ್ರಿ ಕ್ಯಾಮರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಹೆಚ್ಚು ಕರೆಂಟು ಬೇಕು, ತೆಳು ತಂತಿಯಲ್ಲಿ ಅದು ತಲುಪುವುದಿಲ್ಲ. ಇದು ಕ್ಯಾಮರಾ ಬದಲಿಸಿದರೆ ಹೋಗುವ ರೋಗವಲ್ಲ.

ಕರೆಂಟಿನ ವೈರೂ ಇಲ್ಲದ, ಬ್ಯಾಟರಿ ಮತ್ತು ಸೋಲಾರ್ ಫಲಕದ ಕ್ಯಾಮರಾಗಳೂ ಬಂದಿವೆ. ಸಿಮ್ ಹಾಕಿದರೆ ವೈಫೈ ಕೂಡ ಬೇಡ. ಮಡಕಶಿರಾ ಕಡೆಯ ಹೊಲದ ನಡುವಿನ ರೇಷ್ಮೆ ಹುಳುಮನೆಗೋ, ತಾಳವಾಡಿಯ ಪಂಪ್‌ಸೆಟ್ಟಿಗೋ ಇವು ಅನುಕೂಲ. ಆದರೆ ಇವು ಬ್ಯಾಟರಿ ಉಳಿಸಲು ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತವೆ. ಬಿಸಿಮೈಯ ಪ್ರಾಣಿ ಮುಂದೆ ಸುಳಿದಾಗ ಎಚ್ಚೆತ್ತು ರೆಕಾರ್ಡ್ ಮಾಡುತ್ತವೆ. ಎಚ್ಚೆತ್ತುಕೊಳ್ಳುವಷ್ಟರಲ್ಲಿ ಬೇಗ ಬೇಗ ಹಾದುಹೋದವನ ಬೆನ್ನು ಮಾತ್ರ ಸಿಕ್ಕೀತು. ಸಿಮ್ ಇರುವುದನ್ನು ಮೊಬೈಲಿನಲ್ಲಿ ಸುಮ್ಮನೆ ನೋಡುತ್ತ ಕೂತರೆ, ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ, ಗಂಟೆಗೆ 450 ಎಂಬಿ ಖರ್ಚು. ಸೊಲ್ಲಾಪುರದ ಬೇಸಿಗೆಯೂ ಇವಕ್ಕೆ ಆಗಿಬರುವುದಿಲ್ಲ. ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಬಿಸಿಲಿಗೆ ನೇರ ಒಡ್ಡಿದ ಕ್ಯಾಮರಾದ ಒಳಗೆ ಅಷ್ಟು ಶಾಖ ಆಗುವುದು ಸುಲಭ. ಫಲಕ ಬಿಸಿಲಿನಲ್ಲಿರಲಿ, ಕ್ಯಾಮರಾ ಸೂರಿನ ನೆರಳಿನಲ್ಲಿರಲಿ. ನೀಲಗಿರಿಯ ಸದಸ್ಯರಿಗೆ ಬೇರೆ ತೊಂದರೆ: ಮಂಜಿನ ರಾತ್ರಿ ಇನ್‌ಫ್ರಾರೆಡ್ ಬೆಳಕು ಮಂಜಿಗೇ ಬಡಿದು ವಾಪಸು ಬಂದು ಪರದೆಯೆಲ್ಲ ಬಿಳಿಯಾಗುತ್ತದೆ. ವೈರ್ ಇದ್ದರೂ ಇಲ್ಲದಿದ್ದರೂ ಇದು ಒಂದೇ. ಅಲ್ಲಿ ಬಾಗಿಲ ಬಳಿ, ಕ್ಯಾಮರಾದಿಂದ ದೂರದಲ್ಲಿ, ಒಂದು ಸಾಧಾರಣ ದೀಪ ಹೊತ್ತಿಸಿಡುವುದೇ ಹೆಚ್ಚು ಉಪಯೋಗ.

ಪಾಸ್‌ವರ್ಡ್ ವಿಷಯವನ್ನು ಯಾರೂ ಗಮನಿಸುವುದಿಲ್ಲ, ನಾವೂ ಗಮನಿಸಿರಲಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡದ್ದು, ಕಂಪನಿ ಇಟ್ಟ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದ ಇಂಥ ಕ್ಯಾಮರಾ, ಡಿವಿಆರ್, ರೌಟರುಗಳ ಮೂಲಕವೇ. ಡಿವಿಆರ್ ಜೋಡಿಸಿದವರು ತಮ್ಮ ಮೊಬೈಲಿನಲ್ಲಿ ಪರೀಕ್ಷೆ ಮಾಡಿ ತೋರಿಸುತ್ತಾರೆ. ಅವರು ಹೋದ ಮೇಲೆ ನಿಮ್ಮ ಮನೆ ಅವರ ಮೊಬೈಲಿನಲ್ಲಿ ಇರಬಾರದು. ಮುಖ್ಯ ಖಾತೆ ನಿಮ್ಮ ಹೆಸರಿನಲ್ಲೇ ತೆರೆಯಿಸಿ, ಅಂದೇ ಪಾಸ್‌ವರ್ಡ್ ಬದಲಿಸಿ. ನಮ್ಮ ಕಡೆ ಈ ಕೆಲಸದವರು ಮಲಯಾಳ, ತಮಿಳು, ಮರಾಠಿ, ತೆಲುಗು ಮಾತಾಡುವವರು. ಅವರು ವಿವರಿಸಿದ್ದು ಹಿರಿಯರಿಗೆ ಅರ್ಧ ಮಾತ್ರ ತಿಳಿಯುತ್ತದೆ. ಮಕ್ಕಳಲ್ಲಿ ಒಬ್ಬರು ಆ ಹೊತ್ತಿಗೆ ಫೋನಿನಲ್ಲಾದರೂ ಇರಬೇಕು. ಹೆಚ್ಚಿನ ಆ್ಯಪ್‌ಗಳಲ್ಲಿ ಕ್ಯಾಮರಾಗಳಿಗೆ ನಾವೇ ಹೆಸರು ಕೊಡಬಹುದು. ‘ಕ್ಯಾಮ್ 3’ ಎಂದಿರುವುದನ್ನು ‘ಹಟ್ಟಿ ಬಾಗಿಲು’ ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಅಮ್ಮನಿಗೂ ಸುಲಭ. ಭಾರತದಲ್ಲಿ ಮಾರುವ ಸಿಸಿ ಕ್ಯಾಮರಾಗಳಿಗೆ ಸುರಕ್ಷತಾ ಪರೀಕ್ಷೆಯನ್ನು ಕೇಂದ್ರ ಸರಕಾರ 2025ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದೆ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಯೋಚಿಸಿ.

ಮನೆಯೊಳಗೆ ಕ್ಯಾಮರಾ ಇಡುವವರಿಗೆ ಒಂದು ಮಾತು. ನಮ್ಮ ಸದಸ್ಯರೊಬ್ಬರು ತಾಯಿಯವರು ಬಿದ್ದರೆ ತಿಳಿಯಲೆಂದು ಚಾವಡಿಯಲ್ಲಿ ವೈಫೈ ಕ್ಯಾಮರಾ ಇಟ್ಟರು. ತಿಂಗಳಾದ ಮೇಲೆ ಪರದೆ ಕತ್ತಲು. ಕೆಟ್ಟಿತೆಂದು ಪಕ್ಕದ ಮನೆಯವರನ್ನು ಕಳಿಸಿದರೆ, ಅಮ್ಮ ಅದಕ್ಕೆ ಒಂದು ಬೈರಾಸು ಹೊದಿಸಿದ್ದರು. “ಸೆರಗು ಸರಿಮಾಡಿಕೊಳ್ಳಲೂ ಮಗನ ಮುಂದೆಯೇ ಆಗಬೇಕೋ?” ಎಂದು ಕೇಳಿದರಂತೆ. ಅವರನ್ನು ಕೇಳಿ, ಅವರು ಒಪ್ಪಿದ ಕಡೆ ಮಾತ್ರ ಇಡಿ.

ಕಳ್ಳತನವಾದರೆ ರೆಕಾರ್ಡಿಂಗನ್ನು ಕೂಡಲೇ ಪೆನ್‌ಡ್ರೈವಿಗೆ ಇಳಿಸಿ, ಮೂಲವನ್ನೂ ಅಳಿಸಿಹೋಗದಂತೆ ಉಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯೊಂದಿಗೆ ಪ್ರಮಾಣಪತ್ರವೂ ಬೇಕಾಗುತ್ತದೆ. ಡಿವಿಆರ್‌ನ ಗಡಿಯಾರ ಸರಿಯಿದೆಯೇ ಎಂದು ಆಗಾಗ ನೋಡಿ. ಎರಡು ಗಂಟೆ ಹಿಂದೆ ಓಡುವ ಗಡಿಯಾರ ಪ್ರಕರಣಕ್ಕೆ ತೊಡಕು.

ಹಾಗಾದರೆ ನಮ್ಮ ಸಲಹೆ? ಸ್ವಂತ ಮನೆ, ಹಿರಿಯರಿಬ್ಬರೇ ಇರುವುದು, ಕರೆಂಟು ಆಗಾಗ ಹೋಗುವ ಊರು ಎಂದಾದರೆ ಹೊರಗಿನ ಬಾಗಿಲುಗಳಿಗೆ ವೈರಿನದೇ ಇರಲಿ, ಇನ್ವರ್ಟರ್ ಲೈನಿನಲ್ಲಿ. ಖರ್ಚು ಹೆಚ್ಚು, ಗೋಡೆಯೂ ಕೊರೆಯಬೇಕು, ಆದರೂ. ಹೊಸೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಕಾರ್ಖಾನೆಯ ನೌಕರರಿಗೆ ಕಾರ್ಡ್ ಹಾಕಿದ ವೈಫೈ ಕ್ಯಾಮರಾ ಸಾಕು. ಜೊತೆಗೆ ರೌಟರಿಗೂ ಕ್ಯಾಮರಾಕ್ಕೂ ಸಣ್ಣ ಯುಪಿಎಸ್ ತನ್ನಿ. ಎರಡನ್ನೂ ಬೆರೆಸಿ ಹಾಕಿಸಲೂ ಅಡ್ಡಿಯಿಲ್ಲ, ವಾಚನಾಲಯದಲ್ಲಿ ಈಗ ನಾವು ಮಾಡಿರುವುದು ಅದನ್ನೇ: ಎರಡು ಬಾಗಿಲಿಗೆ ವೈರಿನ ಕ್ಯಾಮರಾ, ಓದುವ ಮೇಜಿನ ಕಡೆಗೆ ಹಳೆಯ ವೈಫೈಯದು ಒಂದು. ಆಂಪ್ಲಿಫೈಯರ್ ಸಿಗಲಿಲ್ಲ.

ಮುಂದಿನ ಮಾಸಿಕ ಸಭೆಗೆ ಬರುವಾಗ, ಕ್ಯಾಮರಾ ಹಾಕಿಸಬೇಕೆಂದಿರುವವರು ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದು ತನ್ನಿ. ಬಾಗಿಲುಗಳು, ಇನ್ವರ್ಟರ್ ಮತ್ತು ರೌಟರ್ ಇರುವ ಜಾಗ, ಶೆಡ್ಡಿಗೆ ಎಷ್ಟು ಹೆಜ್ಜೆ ದೂರ, ಇಷ್ಟನ್ನು ಗುರುತಿಸಿದ್ದರೆ ಸಾಕು. ಬರಲಾಗದವರು ಅದರ ಫೋಟೋವನ್ನು ಸಂಘದ ವಾಟ್ಸಪ್ ಗುಂಪಿಗೆ ಹಾಕಬೇಡಿ, ಕಾರ್ಯದರ್ಶಿಯವರಿಗೆ ಪ್ರತ್ಯೇಕವಾಗಿ ಕಳಿಸಿ. ಮನೆಯ ಕ್ಯಾಮರಾ ಎಲ್ಲಿದೆ, ಎಲ್ಲಿಲ್ಲ ಎಂಬುದು ಗುಂಪಿನ ನಾನೂರು ಜನರಿಗೆ ತಿಳಿಯಬೇಕಾಗಿಲ್ಲ.