ಕೊನೆಯ ಅಂಕಿ ಸೊನ್ನೆಯಾದಾಗ



ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ 62 ಮನೆಗಳಿಗೆ ಮಕ್ಕಳ ಶಾಲಾ ಖರ್ಚಿಗೆಂದು ಸ್ವಲ್ಪ ಹಣ ಕಳುಹಿಸುವುದೆಂದು ತೀರ್ಮಾನವಾಯಿತು. ಗುರಿಕಾರರು ಮನೆಮನೆಗೆ ಹೋಗಿ ಪಾಸ್‌ಬುಕ್ಕಿನ ನಕಲು ತಂದುಕೊಟ್ಟರು. ಪಟ್ಟಿಯನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ನಾವೇ ಕುಳಿತು ಟೈಪ್ ಮಾಡಿ ಬ್ಯಾಂಕಿಗೆ ಕೊಟ್ಟೆವು. 61 ಮನೆಗಳಿಗೆ ಹಣ ಮುಟ್ಟಿತು. ಒಂದು ಮನೆಯ ಹಣ, ಅಂಥ ಖಾತೆಯೇ ಇಲ್ಲವೆಂದು ವಾಪಸ್ಸು ಬಂತು. "62ರಲ್ಲಿ 61, ಒಳ್ಳೆಯದೇ ಆಯಿತು, ಉಳಿದ ಒಂದನ್ನು ಆಮೇಲೆ ನೋಡೋಣ" ಎಂದು ಪಾಲನಾ ಪರಿಷತ್ತಿನ ಸಭೆಯಲ್ಲಿ ಹೇಳಿ ನಾವು ಮುಂದಿನ ವಿಷಯಕ್ಕೆ ಹೋದೆವು.

ಆ ಒಂದು ಮನೆಯ ತಾಯಿ ವಿಧವೆ. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು. ಮೂರು ಭಾನುವಾರ ಪೂಜೆಗೆ ಬಂದು ಹೋದರೂ ಒಂದು ಮಾತೂ ಆಡಲಿಲ್ಲ. ನಾಲ್ಕನೆಯ ಭಾನುವಾರ ನೆನಪಾಗಿ ನಾವೇ ಕೇಳಿದಾಗ, "ನಮ್ಮ ಹೆಸರು ಪಟ್ಟಿಯಲ್ಲಿ ಇಲ್ಲವೇನೋ ಅಂತ ಸುಮ್ಮನಾದೆ ಫಾದರ್" ಎಂದರು.

ಹೆಸರು ಇತ್ತು. ತಪ್ಪಿದ್ದು ಖಾತೆ ಸಂಖ್ಯೆ. ಪಾಸ್‌ಬುಕ್ಕಿನಲ್ಲಿ ಕೊನೆಯ ಅಂಕಿ 7, ನಮ್ಮ ಹಾಳೆಯಲ್ಲಿ 0. ಕೈತಪ್ಪಿರಬೇಕೆಂದು ಅಳಿಸಿ ಮತ್ತೆ 7 ಒತ್ತಿದೆವು. ಮತ್ತೆ 0 ಆಯಿತು! ಕೊನೆಗೆ ನಮ್ಮ ಯುವಜನರಲ್ಲಿ ಒಬ್ಬಳು, ಬಿ.ಕಾಂ. ಓದುತ್ತಿರುವ ಹುಡುಗಿ, ಕಾರಣವನ್ನು ತಿಳಿಸಿಕೊಟ್ಟಳು. ನಿಮ್ಮಲ್ಲಿ ಸಂಘದ ಲೆಕ್ಕ, ಸ್ವಸಹಾಯ ಗುಂಪಿನ ಪಟ್ಟಿ, ಶಾಲೆಯ ದಾಖಲೆ ಬರೆಯುವವರು ಅನೇಕರಿರುವುದರಿಂದ ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬರೀ ಅಂಕಿಗಳನ್ನು ಬರೆದರೆ ಎಕ್ಸೆಲ್ ಅದನ್ನು ಲೆಕ್ಕ ಮಾಡುವ ಮೊತ್ತವೆಂದೇ ತಿಳಿಯುತ್ತದೆ. ಅದು ನೆನಪಿಟ್ಟುಕೊಳ್ಳುವುದು ಮೊದಲ 15 ಅಂಕಿಗಳನ್ನು ಮಾತ್ರ. 16ನೆಯದರಿಂದ ಮುಂದಿನವೆಲ್ಲ ಸೊನ್ನೆಯಾಗುತ್ತವೆ. ಕೋಟಿ ಕೋಟಿಗಳ ಲೆಕ್ಕದಲ್ಲಿ ಕೊನೆಯ ಒಂದು ರೂಪಾಯಿ ಹೋದರೆ ನಷ್ಟವೇನಿಲ್ಲ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ಹೋದರೆ ಮನೆಯೇ ತಪ್ಪಿಹೋಗುತ್ತದೆ. ನಮ್ಮ ಪಟ್ಟಿಯಲ್ಲಿ 16 ಅಂಕಿಗಳ ಖಾತೆ ಆ ತಾಯಿಯದೊಂದೇ ಆಗಿತ್ತು. ಮೊತ್ತವೆಂದು ತಿಳಿಯುವುದರಿಂದಲೇ ಮೊದಲಿನ ಸೊನ್ನೆಗಳೂ ಹಾರಿಹೋಗುತ್ತವೆ. ಕಾಸರಗೋಡಿನ ಎಸ್‌ಟಿಡಿ ಕೋಡ್ 04994 ಎಂದು ಬರೆದರೆ ಉಳಿಯುವುದು 4994. 12 ಅಂಕಿಗಳ ಆಧಾರ್ ಸಂಖ್ಯೆ ನಡುವೆ ಚುಕ್ಕಿ, ಕೊನೆಗೆ ಇ ಅಕ್ಷರ ಸೇರಿ ವಿಚಿತ್ರವಾಗಿ ಕಾಣಿಸಬಹುದು. ಹೆದರಬೇಡಿ, ಅಲ್ಲಿ ಬದಲಾಗಿರುವುದು ನೋಟ ಮಾತ್ರ, ಸಂಖ್ಯೆ ಒಳಗೆ ಪೂರ್ತಿಯಾಗಿಯೇ ಇರುತ್ತದೆ. ಐಎಫ್‌ಎಸ್‌ಸಿ ಕೋಡಿಗೆ ಈ ಕಾಟವಿಲ್ಲ. ಅದರ ಮೊದಲಿಗೆ ನಾಲ್ಕು ಅಕ್ಷರಗಳಿರುವುದರಿಂದ ಎಕ್ಸೆಲ್ ಅದನ್ನು ಬರಹವೆಂದು ಗೌರವಿಸಿ ಇದ್ದ ಹಾಗೆಯೇ ಬಿಡುತ್ತದೆ.

ಪರಿಹಾರವೂ ಇಲ್ಲಿಯೇ ಇದೆ. ಸಂಖ್ಯೆಗಳನ್ನು ಬರಹವಾಗಿ ಬರೆಯಬೇಕು. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ಪೂರ್ತಿ ಆರಿಸಿ, ಮೌಸಿನ ಬಲಗುಂಡಿ ಒತ್ತಿ, 'ಫಾರ್ಮ್ಯಾಟ್ ಸೆಲ್ಸ್'ಗೆ ಹೋಗಿ 'ಟೆಕ್ಸ್ಟ್' ಎಂಬುದನ್ನು ಆರಿಸಿ ಓಕೆ ಕೊಡಿ. ಒಂದೆರಡು ಸಂಖ್ಯೆಗಳಿದ್ದರೆ ಮೊದಲಿಗೆ ಒಂದು ಅಪಾಸ್ಟ್ರಫಿ ಚಿಹ್ನೆ ಹಾಕಿದರೂ ಸಾಕು. ಅದು ಮುದ್ರಣದಲ್ಲಿ ಬರುವುದಿಲ್ಲ. ಬರಹವಾದದ್ದು ಸಾಮಾನ್ಯವಾಗಿ ಮನೆಯ ಎಡಬದಿಗೆ ನಿಲ್ಲುತ್ತದೆ, ಮೊತ್ತವಾದದ್ದು ಬಲಬದಿಗೆ. ಮೂಲೆಯಲ್ಲಿ ಹಸಿರು ತ್ರಿಕೋನ ಕಾಣಿಸಿ, ಸಂಖ್ಯೆಯಾಗಿ ಬದಲಿಸಲೇ ಎಂದು ಎಕ್ಸೆಲ್ ಕೇಳಿದರೆ ಒಪ್ಪಬೇಡಿ. ಒಂದು ಎಚ್ಚರಿಕೆ: ಅಂಕಿ ಸೊನ್ನೆಯಾದ ಮೇಲೆ 'ಟೆಕ್ಸ್ಟ್' ಆರಿಸಿದರೆ ಹೋದದ್ದು ಮರಳಿ ಬಾರದು, ಪಾಸ್‌ಬುಕ್ ನೋಡಿ ಹೊಸದಾಗಿಯೇ ಬರೆಯಬೇಕು. 2023ರಲ್ಲಿ ಮೈಕ್ರೋಸಾಫ್ಟ್ ಈ ಬದಲಾವಣೆಯನ್ನು ತಡೆಯುವ ಆಯ್ಕೆಯೊಂದನ್ನು ಎಕ್ಸೆಲ್ಲಿಗೆ ಸೇರಿಸಿತು. ಗುರುಮನೆಯ ಹಳೆಯ ಕಂಪ್ಯೂಟರಿಗೆ ಆ ಭಾಗ್ಯವಿಲ್ಲ.

ಗಡಿನಾಡಿನ ನಮಗೆ ಈ ಮಾತು ಇನ್ನಷ್ಟು ಮುಖ್ಯ. ಒಬ್ಬರದೇ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ, ಶಾಲೆಯಲ್ಲಿ ಕನ್ನಡದಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಮೂರು ಕಡೆ ಮೂರು ರೀತಿ. ಅಂಥಲ್ಲಿ ಮನುಷ್ಯನನ್ನು ಗುರುತಿಸಿಕೊಡುವುದು ಆ ಉದ್ದ ಸಂಖ್ಯೆಯೇ. ಎರಡು ಖಾತೆ ಸಂಖ್ಯೆಗಳನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಕೂಡಿ ಕಳೆಯಲಾಗದ ಸಂಖ್ಯೆ ಲೆಕ್ಕವಲ್ಲ, ಅದೂ ಒಂದು ಹೆಸರು. ಹೆಸರಿನ ಒಂದಕ್ಷರವನ್ನೂ ಕೈಬಿಡುವ ಹಕ್ಕು ನಮಗಿಲ್ಲ.

ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಕಳೆದುಹೋದ ಕುರಿಯ ಸಾಮತಿಯನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ಆ ಕುರುಬ, ನೂರರಲ್ಲಿ ತೊಂಬತ್ತೊಂಬತ್ತು ಇವೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳಲಿಲ್ಲ. ನಾವು ಪಟ್ಟುಕೊಂಡೆವು. ಅಂಕಿಯನ್ನು ನುಂಗಿದ್ದು ಯಂತ್ರ, ನಿಜ. ಆದರೆ ನಾಲ್ಕು ವಾರ ವಿಚಾರಿಸದೆ ಇದ್ದದ್ದು ಯಂತ್ರವಲ್ಲ.

ಮರುವಾರ ಆ ತಾಯಿಗೆ ಹಣ ಸೇರಿತು. ಈಗ ಪಟ್ಟಿ ಮುಗಿದ ಮೇಲೆ ಒಬ್ಬ ಗುರಿಕಾರರು ಪಾಸ್‌ಬುಕ್ ಹಿಡಿದು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪರದೆ ನೋಡಿ ಕೊನೆಯ ಅಂಕಿಯವರೆಗೂ ಹೋಲಿಸುತ್ತಾರೆ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ.

ನಿಮ್ಮಲ್ಲಿಯೂ ಒಂದು ವಿನಂತಿ. ಬರಬೇಕಾದದ್ದು ಬಾರದಿದ್ದರೆ ಸುಮ್ಮನಾಗಬೇಡಿ. ಗುರುಮನೆಗೆ ಬಂದು ಕೇಳಿ. ನೀವು ಕೇಳಿದರೆ ನಮ್ಮ ತಪ್ಪು ನಮಗೆ ಬೇಗ ಕಾಣುತ್ತದೆ.