ಮಾಯದ ಹುಣ್ಣು: ಆಲ್ಬಿನಿಸಂ ಇರುವವರಿಗೆ ಎಚ್ಚರಿಕೆ

ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿ ಸುಮಾರು 1,400 ಜನರಿಗೆ ಒಬ್ಬರಿಗೆ ಆಲ್ಬಿನಿಸಂ ಇದೆ. ಯೂರೋಪಿನಲ್ಲಿ 17,000ರಿಂದ 20,000 ಜನರಿಗೆ ಒಬ್ಬರಿಗೆ ಮಾತ್ರ. ಟಾಂಜಾನಿಯದ ಸುಡುಬಿಸಿಲಿನಲ್ಲಿ ಇವರ ಜೀವಕ್ಕೆ ದೊಡ್ಡ ಕಂಟಕವೆಂದರೆ ಚರ್ಮದ ಕ್ಯಾನ್ಸರ್. ಅದೂ ಇಪ್ಪತ್ತು, ಮೂವತ್ತರ ಹರೆಯದಲ್ಲೇ.

ಆಲ್ಬಿನಿಸಂ ತೊನ್ನಲ್ಲ, ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಾಗ ಮಗುವಿನ ದೇಹದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಸರಿಯಾಗಿ ತಯಾರಾಗುವುದಿಲ್ಲ. ರಕ್ತಸಂಬಂಧದಲ್ಲಿ ಮದುವೆಯಾದಾಗ ಈ ಸಂಭವ ಹೆಚ್ಚು. ಸೋದರಮಾವ, ಅತ್ತೆಮಕ್ಕಳ ನಡುವೆ ಮದುವೆಯ ರೂಢಿಯಿರುವ ನಮ್ಮವರೂ ಇದನ್ನು ಗಮನಿಸಬೇಕು.

ಮೆಲನಿನ್ ಚರ್ಮಕ್ಕೆ ಕೊಡೆಯಿದ್ದಂತೆ. ಅದಿಲ್ಲದಿದ್ದರೆ ಬಿಸಿಲಿನ ಅತಿನೇರಳೆ ಕಿರಣಗಳು ಜೀವಕೋಶಗಳನ್ನು ನೇರವಾಗಿ ಘಾಸಿಗೊಳಿಸುತ್ತವೆ. ಈ ಹಾನಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗಿ ಕ್ಯಾನ್ಸರ್‌ಗೆ ದಾರಿಯಾಗುತ್ತದೆ.

ಇವರಲ್ಲಿ ದೃಷ್ಟಿಯೂ ಮಂದ. ಕಪ್ಪು ಹಲಗೆಯ ಮೇಲಿನ ಅಕ್ಷರ ಕಾಣದ ಮಗು ಶಾಲೆ ಬಿಡುತ್ತದೆ. ಓದಿಲ್ಲದವನಿಗೆ ಸಿಗುವುದು ಹೊಲದ ಕೂಲಿ ಇಲ್ಲವೇ ಬೀದಿ ವ್ಯಾಪಾರ. ಹೀಗೆ ಕಣ್ಣಿನ ತೊಂದರೆಯೇ ಅವನನ್ನು ದಿನವಿಡೀ ಬಿಸಿಲಿಗೆ ನಿಲ್ಲಿಸುತ್ತದೆ.

ಲಕ್ಷಣಗಳೇನು? ಮುಖ, ಕಿವಿ, ಕತ್ತು, ಕೆಳತುಟಿ, ಕೈಗಳ ಮೇಲೆ ಮೊದಲು ಒರಟಾದ, ಹೊಟ್ಟೇಳುವ ಕಲೆಗಳು ಕಾಣಿಸುತ್ತವೆ. ಮುಂದೆ ಕೆಲವು ಗಂಟಾಗಬಹುದು, ರಕ್ತ ಒಸರುವ ಹುಣ್ಣಾಗಬಹುದು. ನೋವಿಲ್ಲವೆಂದು ಸುಮ್ಮನಿರಬಾರದು. ನಾಲ್ಕು ವಾರವಾದರೂ ಮಾಯದ ಹುಣ್ಣನ್ನು ಚರ್ಮವೈದ್ಯರಿಗೆ ತೋರಿಸಲೇಬೇಕು. ಆರಂಭದಲ್ಲಿ ದ್ರವ ನೈಟ್ರೋಜನ್‌ನಿಂದ ಕಲೆಗಳನ್ನು ಹೆಪ್ಪುಗಟ್ಟಿಸಿ ನಾಶಪಡಿಸಬಹುದು, ಚಿಕ್ಕ ಗಂಟನ್ನು ಕತ್ತರಿಸಿ ತೆಗೆಯಬಹುದು. ತಡವಾದರೆ ಕ್ಯಾನ್ಸರ್ ಆಳಕ್ಕಿಳಿದು ಪ್ರಾಣಕ್ಕೇ ಅಪಾಯ.

ಕಿಲಿಮಂಜಾರೋ ಪರ್ವತದ ತಪ್ಪಲಿನ ಮೋಶಿ ಪಟ್ಟಣದಲ್ಲಿ ಇವರಿಗೆಂದೇ ‘ಕಿಲಿಸನ್’ ಎಂಬ ಸನ್‌ಸ್ಕ್ರೀನ್ ಮುಲಾಮನ್ನು ತಯಾರಿಸಿ ಹಂಚುವ ಕೆಲಸ 2010ರ ದಶಕದಲ್ಲಿ ಆರಂಭವಾಯಿತು. ಆದರೆ ಮುಲಾಮೊಂದೇ ಸಾಲದು.

ಪಾಲಿಸಬೇಕಾದ ಕ್ರಮಗಳು:

* ಎಳೆವಯಸ್ಸಿನಿಂದಲೇ ಅಗಲ ಅಂಚಿನ ಟೋಪಿ, ತುಂಬುತೋಳಿನ ದಟ್ಟ ನೇಯ್ಗೆಯ ಅಂಗಿ ತೊಡಿಸಿ.
* ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲು ತಪ್ಪಿಸಿ.
* ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಮುಲಾಮನ್ನು ಎರಡು ಗಂಟೆಗೊಮ್ಮೆ ಹಚ್ಚಿ.
* ಆರು ತಿಂಗಳಿಗೊಮ್ಮೆಯಾದರೂ ಚರ್ಮವನ್ನು ಪರೀಕ್ಷೆ ಮಾಡಿಸಿ.
* ಕಣ್ಣಿನ ತಪಾಸಣೆ ಮಾಡಿಸಿ, ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಶಿಕ್ಷಕರನ್ನು ಕೇಳಿಕೊಳ್ಳಿ.

ಮಗು ಓದಿ ನೆರಳಿನ ಕೆಲಸಕ್ಕೆ ಸೇರುವಂತಾದರೆ, ಅದೂ ಕ್ಯಾನ್ಸರ್ ತಡೆಯುವ ಉಪಾಯವೇ.