ಹಟ್ಟಿ, ಸೀಮೆ, ಸರ್ವರ್

ಶುರುವಾದದ್ದು ಮೂವರು ಕಾರ್ತಿಕ್‌ಗಳಿಂದ. ಉದಕಮಂಡಲದಿಂದ ಇಳಿಯುವ ದಾರಿಯಲ್ಲಿನ ಒಂದು ಹೈಸ್ಕೂಲಿಗೆ ಶನಿವಾರ ಶನಿವಾರ ಹೋಗಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ನೆಟ್‌ವರ್ಕಿನ ಪಾಠ ಹೇಳುತ್ತಿದ್ದೆ. ಯಾರೋ ಕೊಟ್ಟುಹೋದ 16 ಹಳೇ ಕಂಪ್ಯೂಟರು, ಒಂದು ಸ್ವಿಚ್ಚು, ಮೂಲೆಯಲ್ಲಿ ಗುಂಯ್‌ಗುಡುವ ಒಂದು ಸರ್ವರು. ಹದಿನಾರಕ್ಕೂ ಒಂದೇ ಅಕೌಂಟು, ಒಂದೇ ಪಾಸ್‌ವರ್ಡು. ಮರೆಯದಿರಲಿ ಅಂತ ಅದನ್ನು ಬೋರ್ಡಿನ ಮೂಲೆಯಲ್ಲಿ ಬರೆದೂ ಇಟ್ಟಿದ್ದರು. ಒಬ್ಬ ಕಾರ್ತಿಕ್ ಟೀ ತೋಟದ ಮೇಲೆ ಮಾಡಿಟ್ಟ ಪ್ರಾಜೆಕ್ಟನ್ನು ಎರಡನೇ ಕಾರ್ತಿಕ್ ತನ್ನದೇ ಅಂದುಕೊಂಡು ತಿದ್ದಿದ್ದ. ಮೂರನೆಯವನು ಜಾಗ ಸಾಲದೆಂದು ಅಳಿಸಿಯೇಬಿಟ್ಟಿದ್ದ. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಫೋಲ್ಡರಿನ ಹೆಸರೇ 'ಕಾರ್ತಿಕ್' ಅಂತಿದ್ದರೆ ಯಾರನ್ನು ಬೈಯುವುದು?

ಬೋರ್ಡಿನ ಮೇಲಿದ್ದ ಪಾಸ್‌ವರ್ಡನ್ನು ನಾನು ಒರೆಸಿದ ಕೂಡಲೇ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ನಮ್ಮ ಹತ್ರ ಕದಿಯೋಕೆ ಏನಿದೆ ಸಾರ್?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಹುಡುಕಿ ಅಮೆರಿಕದ ಎಂಐಟಿವರೆಗೆ ಹೋಗಬೇಕಾಯಿತು. 1961ರಲ್ಲಿ ಅಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿತು. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸಬಹುದಾಗಿತ್ತು. ಹಲವರು ಅಂದಮೇಲೆ ಯಾವ ಫೈಲು ಯಾರದ್ದು, ಯಾರು ಎಷ್ಟು ಹೊತ್ತು ಬಳಸಿದರು ಅನ್ನುವ ಲೆಕ್ಕ ಬೇಕು. ಅದಕ್ಕಾಗಿ ತಲೆಗೊಂದು ಪಾಸ್‌ವರ್ಡು. ಅಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆ ಮಾತ್ರ ಸಿಗುತ್ತಿತ್ತು, ಅವನ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. 1962ರಲ್ಲಿ ಆತ ಪಾಸ್‌ವರ್ಡುಗಳಿದ್ದ ಫೈಲನ್ನೇ ಮುದ್ರಿಸಿಕೊಡುವಂತೆ ಪಂಚ್ ಕಾರ್ಡಿನಲ್ಲಿ ಕೋರಿಕೆ ಹಾಕಿ, ಬಂದ ಕಾಗದ ಎತ್ತಿಕೊಂಡು ಹೋದ. ಆಮೇಲೆ ಬೇರೆಯವರ ಹೆಸರಲ್ಲಿ ಕೂತು ಕೆಲಸ ಮುಗಿಸಿಕೊಂಡ. ಎಷ್ಟೋ ವರ್ಷಗಳ ನಂತರ ತಾನೇ ಒಪ್ಪಿಕೊಂಡ. ಅದೇ ವ್ಯವಸ್ಥೆಯಲ್ಲಿ ಅದೇ ದಶಕದಲ್ಲಿ ಇನ್ನೂ ದೊಡ್ಡ ಎಡವಟ್ಟೊಂದು ನಡೆಯಿತು. ಇಬ್ಬರು ಒಂದೇ ಹೊತ್ತಿಗೆ ಎರಡು ಫೈಲು ತಿದ್ದುತ್ತಿದ್ದಾಗ ಅವು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡೂ ಕಾಣಿಸಿತು. ಶೆರ್ ಕದ್ದದ್ದು ಯಾರ ಗುಟ್ಟನ್ನೂ ಅಲ್ಲ, ಸರದಿಯನ್ನು. ಹದಿನಾರು ಕಂಪ್ಯೂಟರಿಗೆ ನಲವತ್ತು ಮಕ್ಕಳಿರುವ ಲ್ಯಾಬಿನಲ್ಲಿ ಸರದಿ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ.

ಶಾಲೆಗಳಲ್ಲಿ ನೆಟ್‌ವರ್ಕ್ ಅಂದರೆ ಸಾಮಾನ್ಯವಾಗಿ ತಂತಿಯ ಪಾಠ. ತಮಿಳುನಾಡಿನ ಹನ್ನೆರಡನೇ ತರಗತಿಯ ಕಂಪ್ಯೂಟರ್ ಅಪ್ಲಿಕೇಷನ್ಸ್ ಪುಸ್ತಕದಲ್ಲಿ ಕೇಬಲ್ಲಿಗೇ ಒಂದು ಅಧ್ಯಾಯವಿದೆ. ಗೂಡಲೂರು ದಾಟಿದರೆ ಕೇರಳ. ಅಲ್ಲಿ ಹತ್ತನೇ ತರಗತಿಯ ಐಸಿಟಿ ಪುಸ್ತಕದಲ್ಲೇ ನೆಟ್‌ವರ್ಕಿಂಗ್ ಬಂದಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿಯನ್ನು ಕನ್ನಡದಲ್ಲೇ ಓದುತ್ತಾರೆ. 2018ರಲ್ಲಿ ಶುರುವಾದ 'ಲಿಟಲ್ ಕೈಟ್ಸ್' ಕ್ಲಬ್ಬುಗಳ ಮಕ್ಕಳು ಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವುದಕ್ಕೂ ಕೈಹಾಕುತ್ತಾರೆ. ಒಳ್ಳೆಯದೇ. ಆದರೆ ತಂತಿ ಸಿಕ್ಕಿಸಿ, ಐಪಿ ವಿಳಾಸ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಫೈಲು ಕಳಿಸಿದ ಮೇಲೂ ಕಾರ್ತಿಕ್‌ಗಳ ಜಗಳ ಹಾಗೇ ಉಳಿಯುತ್ತದೆ. ಯಾರು ಯಾರು, ಯಾರಿಗೆ ಏನು ಸಲ್ಲಬೇಕು ಅನ್ನುವುದು ತಂತಿಗೆ ಗೊತ್ತಿಲ್ಲ. ಅದನ್ನು ಬರೆದಿಡುವ ಪುಸ್ತಕ ಬೇರೆಯೇ ಇದೆ: ಡೈರೆಕ್ಟರಿ.

ಡೈರೆಕ್ಟರಿ ಎಂಬ ಹೆಸರು ಬಂದದ್ದು ಟೆಲಿಫೋನಿನಿಂದಲೇ. ದೇಶದೇಶಗಳ ದೂರವಾಣಿ ಆಡಳಿತಗಳ ಒಕ್ಕೂಟ 1988ರಲ್ಲಿ ಎಕ್ಸ್.500 ಎಂಬ ಮಾನಕವನ್ನು ಹೊರಡಿಸಿತು. ಜಗತ್ತಿನ ಯಾರನ್ನು ಬೇಕಾದರೂ ಹುಡುಕಲು ಬರುವ ಒಂದೇ ಮರದಂಥ ಪಟ್ಟಿ ಅವರ ಕನಸಾಗಿತ್ತು. ಅದು ವಿಪರೀತ ಭಾರವಾಯಿತು. 1993ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಜೊತೆಗಾರರು ಅದನ್ನು ಇಳಿಸಿ ಎಲ್‌ಡ್ಯಾಪ್ ಮಾಡಿದರು. ಆ ಹೆಸರಿನ ಮೊದಲ ಅಕ್ಷರವೇ 'ಹಗುರ' ಅನ್ನುವುದರದ್ದು. ಮೈಕ್ರೋಸಾಫ್ಟ್ 2000ದಲ್ಲಿ ವಿಂಡೋಸ್ ಜೊತೆ ಕೊಟ್ಟ ಆಕ್ಟಿವ್ ಡೈರೆಕ್ಟರಿ ಅದೇ ವಂಶದ್ದು. ಬ್ಯಾಂಕು, ಆಸ್ಪತ್ರೆ, ಕಂಪನಿಗಳಲ್ಲಿ ಬೆಳಿಗ್ಗೆ ಲಾಗಿನ್ ಆಗುವವರ ಹಿಂದೆ ಬಹುಪಾಲು ಇದೇ ಕೂತಿರುತ್ತದೆ. ಲೈಸೆನ್ಸಿಗೆ ದುಡ್ಡಿಲ್ಲದ ನಮ್ಮಂಥವರಿಗೆ ಸಾಂಬಾ ಇದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಹೊತ್ತಿಗೆ ಶುರುಮಾಡಿದ ಈ ಮುಕ್ತ ತಂತ್ರಾಂಶ 2012ರ ಕೊನೆಗೆ ಆಕ್ಟಿವ್ ಡೈರೆಕ್ಟರಿಯ ಯಜಮಾನಿಕೆಯನ್ನೂ ಮಾಡುವಷ್ಟು ಬೆಳೆಯಿತು. ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದದ್ದು ಅದೇ.

ಡೈರೆಕ್ಟರಿ ಎಂಬ ಈ ಪುಸ್ತಕದಲ್ಲಿ ಹೆಸರು ಬರೆಯುವ ಕ್ರಮ ನಮ್ಮ ಅಂಚೆ ವಿಳಾಸದಂತೆ, ಚಿಕ್ಕದರಿಂದ ದೊಡ್ಡದಕ್ಕೆ. ಮೊದಲು ಕಾರ್ತಿಕ್, ಆಮೇಲೆ ಹತ್ತನೇ ಬಿ, ಆಮೇಲೆ ವಿದ್ಯಾರ್ಥಿಗಳು, ಕೊನೆಗೆ ಶಾಲೆ. ನಡುವಿನ ಈ ಒಂದೊಂದು ಖಾನೆಗೂ ಓಯು ಅನ್ನುತ್ತಾರೆ, ಸಂಸ್ಥೆಯ ಒಂದು ಘಟಕ ಎಂಬರ್ಥ. ಇದನ್ನು ನಾನು ಡೈರಿಯಲ್ಲಿ ಚೆನ್ನಾಗಿ ತಯಾರಿ ಮಾಡಿಕೊಂಡು ಹೋಗಿ ಅರ್ಧ ಗಂಟೆ ವಿವರಿಸಿದೆ. ಮಕ್ಕಳು ಕಿಟಕಿ ನೋಡುತ್ತಿದ್ದರು; ಹೊರಗೆ ಮಂಜು ಬೇರೆ. ಕೊನೆಗೆ ಕಂಪ್ಯೂಟರ್ ಆರಿಸಿ, ಚಾರ್ಟ್ ಪೇಪರ್ ಹಾಸಿ, "ನಿಮ್ಮೂರಲ್ಲಿ ಯಾರ ಮಾತನ್ನು ಯಾರು ಕೇಳ್ತಾರೆ, ಬರೀರಿ" ಅಂದೆ.

ತರಗತಿಯಲ್ಲಿ ಅರ್ಧದಷ್ಟು ಬಡಗ ಮಕ್ಕಳು. ಬಡಗರೆಂದರೆ ಬಡಗಣ ದಿಕ್ಕಿನವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂಬ ನೆನಪು ಆ ಹೆಸರಲ್ಲೇ ಇದೆ. ಅವರವರೇ ಬಡಗದಲ್ಲಿ ಮಾತಾಡಿಕೊಂಡರೆ ಕನ್ನಡದ ನನಗೆ ಮುಕ್ಕಾಲು ಪಾಲು ಹೊಳೆಯುತ್ತದೆ, ಉಳಿದ ಕಾಲು ಪಾಲಿನಲ್ಲಿ ನನ್ನ ಮೇಲಿನ ತಮಾಷೆ ಇರುತ್ತದೆ. ಹತ್ತು ನಿಮಿಷದಲ್ಲಿ ಚಾರ್ಟ್ ತುಂಬಿತು. ಕೆಳಗೆ ಹಟ್ಟಿಗಳು. ನೀಲಗಿರಿಯಲ್ಲಿ ಬಡಗರ ಹಟ್ಟಿ ಸುಮಾರು 400 ಇವೆ. ಹಟ್ಟಿಗೊಬ್ಬ ಊರಗೌಡ. ಹಟ್ಟಿಗಳ ಮೇಲೆ ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಅಂತ ನಾಲ್ಕು ಸೀಮೆ, ಸೀಮೆಗೊಬ್ಬ ಗೌಡ. ಎಲ್ಲಕ್ಕೂ ಮೇಲೆ ನಾಕುಬೆಟ್ಟ, ಅದರ ಗೌಡಿಕೆ ತೂನೇರಿಯಲ್ಲಿ. ಹಟ್ಟಿಯ ಜಗಳ ಹಟ್ಟಿಯಲ್ಲೇ ತೀರಬೇಕು, ತೀರದಿದ್ದರೆ ಸೀಮೆ, ಅಲ್ಲೂ ತೀರದಿದ್ದರೆ ನಾಕುಬೆಟ್ಟ. ಮಸಿನಗುಡಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಕನ್ನಡದ ಹುಡುಗ, "ನಮ್ಮಲ್ಲಿ ಇದೆಲ್ಲ ಇಲ್ಲ ಸಾರ್, ಬರೀ ಪಂಚಾಯ್ತಿ, ತಾಲ್ಲೂಕು" ಅಂತ ತನ್ನದನ್ನೂ ಪಕ್ಕದಲ್ಲಿ ಬರೆದ. ನನಗೆ ಬೇಕಾದದ್ದು ಎರಡರಲ್ಲೂ ಇತ್ತು: ಮೆಟ್ಟಿಲು ಮೆಟ್ಟಿಲಾಗಿ ಹಂಚಿಹೋದ ಅಧಿಕಾರ.

ಪಾಸ್‌ವರ್ಡ್ ಮರೆತವನಿಗೆ ಹೊಸದು ಕೊಡುವುದನ್ನೇ ನೋಡಿ. ಅದಕ್ಕೆ ಇಡೀ ಸರ್ವರಿನ ಬೀಗದ ಕೈ ಬೇಕಿಲ್ಲ. ಹತ್ತನೇ ಬಿ ಎಂಬ ಓಯುವಿನ ಮಟ್ಟಿಗೆ, ಪಾಸ್‌ವರ್ಡ್ ಬದಲಿಸುವ ಅಧಿಕಾರವೊಂದನ್ನೇ ಆ ತರಗತಿಯ ಒಬ್ಬರ ಕೈಗೆ ಕೊಡಬಹುದು. ಅಧಿಕಾರವನ್ನು ಹೀಗೆ ಬಿಡಿಬಿಡಿಯಾಗಿ ಕೆಳಗಿಳಿಸುವುದೇ ಈ ಕೆಲಸದ ಮುಖ್ಯ ವಿದ್ಯೆ ಅಂತ ನನ್ನ ಅಭಿಪ್ರಾಯ. ದೊಡ್ಡ ಆಫೀಸುಗಳಲ್ಲೂ ಸೋಮಾರಿತನಕ್ಕೆ ಎಲ್ಲರಿಗೂ ಅಡ್ಮಿನ್ ಕೊಟ್ಟು ಕೂತಿರುತ್ತಾರೆ. ಮುಂದಿನ ಬೆಂಚಿನ ಹುಡುಗಿ ಇಲ್ಲೂ ಒಂದು ಕೊಕ್ಕೆ ಹಾಕಿದಳು: "ಊರಗೌಡ ಯಾವಾಗಲೂ ಗಂಡಸೇ ಸಾರ್, ಅವರ ಮನೆಯವರೇ." ಹತ್ತನೇ ಬಿ ಗೌಡಿಕೆ ಅವಳಿಗೇ ಹೋಯಿತು, ಒಂದು ತಿಂಗಳಿಗೆ. ಆಮೇಲೆ ಸರದಿ.

ನಿಯಮಗಳ ವಿಷಯಕ್ಕೆ ಬಂದಾಗ ಹೋಲಿಕೆ ಕುಂಟಿತು, ಕುಂಟಿದ್ದರಿಂದಲೇ ಪಾಠ ಚೆನ್ನಾಗಿ ಕೂತಿತು. ಇಡೀ ಶಾಲೆಗೆ 'ಹಿನ್ನೆಲೆ ಚಿತ್ರ ಬದಲಿಸುವ ಹಾಗಿಲ್ಲ' ಅಂತ ಒಂದು ನಿಯಮ, ಹತ್ತನೇ ಬಿ ಓಯುವಿಗೆ 'ಬದಲಿಸಬಹುದು' ಅಂತ ಇನ್ನೊಂದು. ಯಾವುದು ನಡೆಯುತ್ತದೆ? ಮೇಲಿನವರದ್ದೇ ಅಂತ ಎಲ್ಲರೂ ಕೈಯೆತ್ತಿದರು. ಆಕ್ಟಿವ್ ಡೈರೆಕ್ಟರಿಯಲ್ಲಿ ಉಲ್ಟಾ. ನಿಯಮಗಳು ಮೇಲಿಂದ ಒಂದೊಂದಾಗಿ ಜಾರಿಯಾಗುತ್ತ ಬರುತ್ತವೆ, ಕೊನೆಗೆ ಬಂದದ್ದು ಹಿಂದಿನದನ್ನು ಅಳಿಸುತ್ತದೆ. ಹಾಗಾಗಿ ಬಳಕೆದಾರನಿಗೆ ತೀರ ಹತ್ತಿರದ ಓಯುವಿನ ಮಾತೇ ಗೆಲ್ಲುತ್ತದೆ. ಇದು ಕಡ್ಡಾಯ ಅಂತ ಮೇಲೆ ಮುದ್ರೆ ಒತ್ತಿದ್ದರೆ ಮಾತ್ರ ಮೇಲಿನದು ಗೆಲ್ಲುತ್ತದೆ. "ಅಂದ್ರೆ ಹಟ್ಟಿ ಗೆಲ್ಲುತ್ತೆ!" ಅಂತ ಒಬ್ಬ ಕಾರ್ತಿಕ್ ಬೆಂಚು ಕುಟ್ಟಿದ.

ಓಯುವಿಗೂ ಗ್ರೂಪಿಗೂ ಇರುವ ವ್ಯತ್ಯಾಸದಲ್ಲಿ ದೊಡ್ಡವರೂ ಎಡವುತ್ತಾರೆ. ಓಯು ಅಂದರೆ ನೀವಿರುವ ಮನೆ, ಒಬ್ಬರಿಗೆ ಒಂದೇ. ಗ್ರೂಪು ಅಂದರೆ ನೀವು ಸೇರಿಕೊಂಡ ಕೂಟ, ಒಬ್ಬರು ಹತ್ತರಲ್ಲಿರಬಹುದು. ಹತ್ತನೇ ಬಿಯ ಹುಡುಗಿ ಬ್ಯಾಂಡ್ ಸೆಟ್ಟಿನಲ್ಲೂ ಇರಬಹುದು, ವಿಜ್ಞಾನ ಸಂಘದಲ್ಲೂ ಇರಬಹುದು. ಫೋಲ್ಡರಿನ ಬಾಗಿಲು ತೆರೆಯುವುದು ಗ್ರೂಪನ್ನು ನೋಡಿ. ನಿಯಮ, ಉಸ್ತುವಾರಿ ಎಲ್ಲ ಓಯುವಿನ ಪ್ರಕಾರ. ಕಂಪ್ಯೂಟರುಗಳಿಗೂ ಈ ಪುಸ್ತಕದಲ್ಲಿ ಹೆಸರಿದೆ, ಓಯು ಇದೆ, ಪಾಸ್‌ವರ್ಡೂ ಇದೆ. ವಿಂಡೋಸ್ ಯಂತ್ರ ತನ್ನ ಪಾಸ್‌ವರ್ಡನ್ನು 30 ದಿನಕ್ಕೊಮ್ಮೆ ತಾನೇ ಬದಲಿಸಿಕೊಳ್ಳುತ್ತದೆ ಅಂದಾಗ ಮಕ್ಕಳು ನಂಬಲಿಲ್ಲ. ಮನುಷ್ಯರಿಗಿಂತ ಶಿಸ್ತು.

ಒಂದು ಡೈರೆಕ್ಟರಿಯ ಆಳ್ವಿಕೆಗೆ ಸೇರಿದ್ದೆಲ್ಲ ಒಂದು ಡೊಮೇನು. ಡೊಮೇನುಗಳು ಸೇರಿ ಮರವಾಗುತ್ತವೆ, ಮರಗಳು ಸೇರಿದರೆ 'ಫಾರೆಸ್ಟ್'. ಮೈಕ್ರೋಸಾಫ್ಟಿನವರು ಇಟ್ಟ ಹೆಸರೇ ಅದು. ಒಂದು ಫಾರೆಸ್ಟಿನವರು ಇನ್ನೊಂದರೊಳಗೆ ಕಾಲಿಡಬೇಕಾದರೆ ಎರಡರ ನಡುವೆ ನಂಬಿಕೆಯ ಒಪ್ಪಂದ ಆಗಿರಬೇಕು. ಮಸಿನಗುಡಿಯ ಹುಡುಗನಿಗೆ ನಗು ತಡೆಯಲಾಗಲಿಲ್ಲ. ಅವನ ಮನೆಯ ಹಿಂದಿನ ಮುದುಮಲೆ ತಮಿಳುನಾಡಿನದು, ಅದಕ್ಕೆ ಅಂಟಿಕೊಂಡ ಬಂಡೀಪುರ ಕರ್ನಾಟಕದ್ದು, ಪಕ್ಕದ ವಯನಾಡು ಕೇರಳದ್ದು. ಇಲಾಖೆಗಳಿಗೆ ಮೂರು ಫಾರೆಸ್ಟು. ಆನೆ ಯಾರ ಒಪ್ಪಂದವನ್ನೂ ಕೇಳುವುದಿಲ್ಲ.

ಇನ್ನು ಲಾಗಿನ್. ಪಾಸ್‌ವರ್ಡನ್ನು ತಂತಿಯ ಮೇಲೆ ಪದೇ ಪದೇ ಕಳಿಸಿದರೆ ನಡುವೆ ಯಾರಾದರೂ ಕದ್ದು ನೋಡಬಹುದು. ಈ ತೊಂದರೆಗೆ 1980ರ ದಶಕದಲ್ಲಿ ಎಂಐಟಿಯ ಅಥೀನಾ ಯೋಜನೆಯವರು ಕೆರ್ಬರೋಸ್ ಎಂಬ ಉಪಾಯ ಕಂಡುಹಿಡಿದರು. ಹೆಸರು ಗ್ರೀಕರ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯದ್ದು. ನಮ್ಮ ಯಮನ ಬಾಗಿಲಲ್ಲೂ ನಾಲ್ಕು ಕಣ್ಣಿನ ಎರಡು ನಾಯಿಗಳಿವೆಯಲ್ಲ, ಹಾಗೆ. ನೀಲಗಿರಿಯಲ್ಲಿ ಇದನ್ನು ವಿವರಿಸಲು ನಾಯಿ ಬೇಕಿಲ್ಲ, ಇ-ಪಾಸ್ ಇದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳು ಬೆಟ್ಟ ಹತ್ತಲು ಇ-ಪಾಸ್ ಪಡೆಯಬೇಕು. ಊರು, ಪೇರು, ಬಂದ ಕಾರಣವೆಲ್ಲ ಒಮ್ಮೆ ಒಂದು ಕಡೆ ಒಪ್ಪಿಸಿದರೆ ಆಯಿತು. ಚೆಕ್‌ಪೋಸ್ಟಿನಲ್ಲಿ ಪಾಸ್ ತೋರಿಸಿದರೆ ಸಾಕು. ಕೆರ್ಬರೋಸ್ ಕೂಡ ಬೆಳಿಗ್ಗೆ ಒಮ್ಮೆ ಗುರುತು ಖಾತ್ರಿ ಮಾಡಿಕೊಂಡು ಟಿಕೆಟ್ ಕೊಡುತ್ತದೆ. ಪ್ರಿಂಟರು, ಫೋಲ್ಡರು ಎಲ್ಲ ಕಡೆ ಆ ಟಿಕೆಟ್ಟಿನ ಬಲದಲ್ಲೇ ಕೆಲಸ ನಡೆಯುತ್ತದೆ, ಸಾಮಾನ್ಯವಾಗಿ 10 ಗಂಟೆ.

ಟಿಕೆಟ್ಟಿನ ಮೇಲೆ ಗಂಟೆ ನಿಮಿಷ ಬರೆದಿರುತ್ತದೆ. ಸರ್ವರಿನ ಗಡಿಯಾರಕ್ಕೂ ಕಂಪ್ಯೂಟರಿನ ಗಡಿಯಾರಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೆರ್ಬರೋಸ್ ಮೂಸಿ ತಳ್ಳಿಬಿಡುತ್ತದೆ; ಹಳೇ ಟಿಕೆಟ್ ಕದ್ದು ಮತ್ತೆ ತೋರಿಸುವವರನ್ನು ತಡೆಯಲು ಈ ಏರ್ಪಾಡು. ಪುಸ್ತಕದಲ್ಲಿ ಓದಿ ನನಗೂ ಗೊತ್ತಿತ್ತು. ಆದರೆ ಜುಲೈನ ಒಂದು ಶನಿವಾರ, ನಾಲ್ಕು ದಿನ ಕರೆಂಟಿಲ್ಲದೆ ಮಳೆ ಹೊಯ್ದ ಮೇಲೆ, ಹನ್ನೊಂದನೇ ಕಂಪ್ಯೂಟರು ಯಾರನ್ನೂ ಒಳಗೆ ಬಿಡದಿದ್ದಾಗ ನೆನಪಾಗಲಿಲ್ಲ. ನಾನು ತಂತಿ ಬದಲಿಸಿದೆ, ಸ್ವಿಚ್ಚಿನ ತೂತು ಬದಲಿಸಿದೆ, ಆ ಯಂತ್ರವನ್ನು ಡೊಮೇನಿನಿಂದ ತೆಗೆದು ಮತ್ತೆ ಸೇರಿಸಲು ಹೊರಟೆ. ಪ್ರಾಜೆಕ್ಟ್ ಅಳಿಸಿದ್ದ ಮೂರನೇ ಕಾರ್ತಿಕ್ ಹಿಂದೆ ನಿಂತು ನೋಡುತ್ತಿದ್ದವನು ಪರದೆಯ ಬಲಗಡೆ ಕೆಳಮೂಲೆಗೆ ಬೆರಳಿಟ್ಟ. ತಾರೀಖು 2009ರ ಜನವರಿ 1. "ಸಾರ್, ಆಗ ನಾನು ಹುಟ್ಟೇ ಇರ್ಲಿಲ್ಲ. ಇದಕ್ಕೆ ನನ್ನ ಗುರುತು ಹೆಂಗೆ ಸಿಗುತ್ತೆ?"

ಕ್ಯಾಬಿನೆಟ್ ಬಿಚ್ಚಿದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲು, ಸಿಆರ್ 2032, ಸತ್ತುಹೋಗಿತ್ತು. ಕರೆಂಟು ಹೋದಾಗ ಗಡಿಯಾರ ನಡೆಸುವುದು ಅದೇ. ಊಟಿಯ ಮಾರ್ಕೆಟ್ಟಿನಿಂದ ಹೊಸದು ತಂದು ಹಾಕಿ, ತಾರೀಖು ಸರಿಮಾಡಿದೆವು. ಮೊದಲು ಲಾಗಿನ್ ಆದವನು ಅವನೇ.

ಮಾರ್ಚಿಗೆ ಹತ್ತನೆಯವರು ಹೊರಡುವ ಹೊತ್ತು ಬಂತು. ಅವರ ಅಕೌಂಟುಗಳನ್ನು ಏನು ಮಾಡುವುದು? ಅಳಿಸಿಬಿಡೋಣ ಅಂತ ಒಂಬತ್ತನೆಯವರ ವಾದ, ಜಾಗ ಬೇಕಲ್ಲ. ಪ್ರಯೋಗಕ್ಕೆಂದು ಒಂದು ಸುಳ್ಳು ಅಕೌಂಟ್ ಅಳಿಸಿ, ಅದೇ ಹೆಸರಲ್ಲಿ ಹೊಸದು ಮಾಡಿಸಿದೆ. ಹಳೇ ಫೋಲ್ಡರು ತೆರೆಯಲಿಲ್ಲ. ಸರ್ವರು ಮನುಷ್ಯರನ್ನು ಗುರುತಿಸುವುದು ಹೆಸರಿನಿಂದಲ್ಲ. ಪ್ರತಿ ಅಕೌಂಟಿಗೂ ಹುಟ್ಟುವಾಗಲೇ ಕೊಡುವ, ಇನ್ಯಾರಿಗೂ ಮತ್ತೆ ಕೊಡದ ಉದ್ದನೆಯ ಸಂಖ್ಯೆಯಿಂದ. ಹೆಸರು ಅದೇ ಆದರೂ ಸರ್ವರಿನ ಲೆಕ್ಕದಲ್ಲಿ ಇವನು ಬೇರೆ. ಮೂವರು ಕಾರ್ತಿಕ್‌ಗಳಿರುವ ಲ್ಯಾಬಿನಲ್ಲಿ ಇದು ತಕ್ಷಣ ಒಪ್ಪಿಗೆಯಾಯಿತು. ಅಳಿಸುವುದು ಬೇಡ, ಬೀಗ ಹಾಕಿ 'ಹಳೇ ವಿದ್ಯಾರ್ಥಿಗಳು' ಎಂಬ ಓಯುವಿಗೆ ಸಾಗಿಸುವುದು, ಒಂದು ವರ್ಷ ಯಾರೂ ಕೇಳಿಕೊಂಡು ಬರದಿದ್ದರೆ ತೆಗೆಯುವುದು ಅಂತ ತೀರ್ಮಾನವಾಯಿತು.

ಮುಂದಿನ ವರ್ಷ ನನಗೆ ಮೈಸೂರಿನಲ್ಲಿ ಕೆಲಸ ಹೆಚ್ಚಾಗಿ ಶನಿವಾರಗಳು ತಪ್ಪಿದವು. ಆಗಸ್ಟಿನಲ್ಲಿ ಒಮ್ಮೆ ಹೋಗಿ, ಅಭ್ಯಾಸದಂತೆ ಸರ್ವರಿನ ಮುಂದೆ ಕೂತು ನನ್ನ ಅಡ್ಮಿನ್ ಹೆಸರು ಒತ್ತಿದೆ. ಬಾಗಿಲು ತೆರೆಯಲಿಲ್ಲ. ಆ ತಿಂಗಳ ಸರ್ವರಿನ ಗೌಡಿಕೆ ಎಂಟನೇ ತರಗತಿಯಿಂದ ಬಂದ ಒಬ್ಬ ಹುಡುಗಿಯದಾಗಿತ್ತು. "ನೀವು ಬರೋದು ನಿಲ್ಸಿದ್ರಲ್ಲ ಸಾರ್, ಅದಕ್ಕೇ ನಿಮ್ಮದನ್ನೂ ಹಳೇ ವಿದ್ಯಾರ್ಥಿಗಳ ಜೊತೆ ಹಾಕಿದ್ದೀವಿ" ಅಂದಳು. "ಒಂದು ವರ್ಷ ಇರುತ್ತೆ."